ದಕ್ಕಿನ ಲೆಕ್ಕ

ಘಟ್ಟ ಇಳಿದು ಬಂದವಳು ನಾನು, ಬ್ಯಾಡಗಿ ಕಡೆಯವಳು.
ಮೀನಿನ ಹೆಸರು ಕಲಿಯುವ ಮೊದಲೇ
ಮೀನಿನ ಲೆಕ್ಕಕ್ಕೆ ಕೂತೆ, ಮಂಗಳೂರಿನ ದಕ್ಕೆಯಲ್ಲಿ,
ಮಂಜುಗಡ್ಡೆ ಪುಡಿಯಾಗುವ ಸದ್ದಿನ ಪಕ್ಕ.

ಹಿಂದಿನ ಗುಮಾಸ್ತ ಶೀನ ಪುತ್ರನ್
ಕಣ್ಣು ಮಸುಕಾಗಿ ಪುಸ್ತಕ ಬಿಟ್ಟುಕೊಟ್ಟವರು.
ಅವರ ದುಂಡು ಅಕ್ಷರದಲ್ಲಿ, ಹನ್ನೊಂದು ದಿನ, ಹನ್ನೊಂದು ಸಾಲು:
‘ದಕ್ಕಿನ ಬೂತಾಯಿ, ಮೂರು ಬುಟ್ಟಿ.’
‘ದಕ್ಕಿನ ಬಂಗುಡೆ, ಅರ್ಧ.’
ದಕ್ಕಿತಲ್ಲ, ಒಳ್ಳೆಯದೇ ಆಯಿತು ಎಂದು
ಎಲ್ಲ ಕೂಡಿಸಿ ಆದಾಯಕ್ಕೆ ಸೇರಿಸಿದೆ.

ಬೋಟಿನ ಯಜಮಾನರು ಪುಸ್ತಕವನ್ನು ದೂರ ಹಿಡಿದು ಓದಿದರು,
ಆಮೇಲೆ ಬಾಯಲ್ಲಿದ್ದ ಎಲೆಯಡಿಕೆ ಉದುರುವಷ್ಟು ನಕ್ಕರು.
‘ಮಗಾ, ದಕ್ಕಿನ ಪಂಡ ಬಿಸಾಡಿದ್ದು!
ಕೊಳೆತು ಕಡಲಿಗೆ ಹೋದದ್ದಕ್ಕೆ ರೇಟು ಹಾಕಿದ್ದೀಯಲ್ಲ.’

ಅಂದು ಹರಾಜು ಮುಗಿದ ಮೇಲೆ
ಚಾ ಗ್ಲಾಸುಗಳ ನಡುವೆ ಮಾತು ದಕ್ಕೆಗೇ ಬಂತು:
ಈ ಕಟ್ಟೆಗೆ ಆ ಹೆಸರು ಎಲ್ಲಿಂದ?
ಮುಂಬಯಿ ಮಾಲು ಅದು, ಎಂದರು ಮಯ್ಯದ್ದಿ ಬ್ಯಾರಿ,
ಭಾವುಚಾ ಧಕ್ಕಾದಿಂದ ಮಚ್ವೆ ಹತ್ತಿ ಬಂದದ್ದು.
ಐಸಿನ ಸಿಪ್ರಿಯಾನ್ ಒಪ್ಪಲಿಲ್ಲ: ಇಂಗ್ಲಿಷಿನ ಡಾಕು,
ನಮ್ಮ ಬಿಸಿಲಿಗೆ ಒಣಗಿ ಹೀಗಾಗಿದೆ.
ನಿನ್ನ ತಲೆ, ಎಂದಳು ಅವನ ಹೆಂಡತಿ ಬೆನೆಡಿಕ್ಟಾ,
ಧಕ್ಕೊ ಅಂದರೆ ನೂಕು; ದೋಣಿ ಬಂದು ಗುದ್ದುವ ಜಾಗ.
ಬಲೆ ಹೊಲಿಯುತ್ತಿದ್ದ ಹುಡುಗ ಕತ್ತೆತ್ತದೆ ಕೇಳಿದ:
ನಾಗಮಂಡಲದಲ್ಲಿ ವೈದ್ಯರು ನುಡಿಸುವುದೂ ದಕ್ಕೆಯೇ ಅಲ್ವಾ,
ನಡು ಸಣ್ಣದು, ಬಾಯಿ ಎರಡು?

ಯಾರೂ ಗೆಲ್ಲಲಿಲ್ಲ.
ಚಾದ ದುಡ್ಡು ಬ್ಯಾರಿ ಕೊಟ್ಟರು.

ನನಗೆ ನೆನಪಾದದ್ದು ಅವ್ವನ ಮಾತು.
ನಮ್ಮ ಕಡೆ ಮೀನಿಲ್ಲ; ಕೂಸುಗಳಿಗೆ ಆ ಮಾತು.
‘ಮೂರ ಹಡದೆ, ನೀ ಒಬ್ಬಾಕಿ ದಕ್ಕಿದಿ’ ಅನ್ನುತ್ತಿದ್ದಳು
ಮೆಣಸಿನ ತೊಟ್ಟು ಮುರಿಯುತ್ತ, ಉರಿಗಣ್ಣು ಒರೆಸಿಕೊಳ್ಳುತ್ತ.
ಇಲ್ಲಿಯವರ ಕಿವಿಯಿಂದ ಅದನ್ನು ಕೇಳಿಸಿಕೊಂಡೆ ಒಮ್ಮೆ.
ಎದ್ದು ಹೋಗಿ ಮುಖ ತೊಳೆದುಕೊಂಡೆ,
ನಲ್ಲಿಯ ನೀರೂ ಇಲ್ಲಿ ಒಂಚೂರು ಉಪ್ಪು.

ಈಗ ಎರಡು ಶಾಯಿ ಇಟ್ಟುಕೊಂಡಿದ್ದೇನೆ.
ಆದರೂ ರಾತ್ರಿ ಕೂಡಿಸುವಾಗ
ಕೆಂಪು ಯಾವುದಕ್ಕೆ, ನೀಲಿ ಯಾವುದಕ್ಕೆ ಎಂದು
ಬೆರಳು ಒಂದು ಗಳಿಗೆ ನಿಲ್ಲುತ್ತದೆ.

ನಿನ್ನೆ ಸಂಜೆ ಬೋಟು ಬಂತು, ಕಟ್ಟೆಯಲ್ಲಿ ಆಳಿರಲಿಲ್ಲ.
‘ಬಲ್ಲ್ ದಕ್ಕ್!’ ಎಂದು ತಾಂಡೇಲ ಕೂಗಿದ,
ಹಗ್ಗ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಬಂತು.
ಪುಸ್ತಕ ಕಂಕುಳಿಗೆ ಒತ್ತಿ ಎರಡೂ ಕೈ ಚಾಚಿದೆ.
ಒದ್ದೆ, ಡೀಸೆಲಿನ ವಾಸನೆ, ಅಂಗೈ ಉರಿಯಿತು.
‘ದಕ್ಕಿಯೆ’ ಎಂದ ಹುಡುಗ ಅಲ್ಲಿಂದ.
ದಕ್ಕಿತು, ಎಂದೆ.