ಎಂಟು ಕಾರ್ಡಿನ ಪೆಟ್ಟಿಗೆ

ಇಪ್ಪತ್ನಾಲ್ಕು ತಾಸಿನೊಳಗೆ ಕಳಿಸಬೇಕಂತೆ.
ಔಷಧಿ ಅಂಗಡಿಯಲ್ಲಿ ನನ್ನ ಪಕ್ಕ ಮಾತ್ರೆ ಎಣಿಸುತ್ತ
ಡೋರೀನ್ ಹೇಳಿದಳು, ಮೂರು ಮಕ್ಕಳನ್ನು ದಾಟಿಸಿದವಳು.
ಇಮೇಲ್ ಅಲ್ಲ, ಕೈಬರಹ. ನೀಲಿ ಶಾಯಿ.
ಕೃತಜ್ಞತೆಯೂ ಹಳಸುತ್ತದೆ ಅನ್ನುವ ಹಾಗೆ
ಗಡಿಯಾರ ನೋಡಿದಳು.

ಹಾಗಾಗಿ ಈ ರವಿವಾರ, ವುಸ್ಟರಿನ ಮೂರನೇ ಮಹಡಿಯಲ್ಲಿ
ಹೀಟರಿನ ಕೊಳವೆ ಟಕಟಕ ಅನ್ನುವಾಗ
ಅಡುಗೆಮನೆ ಮೇಜಿನ ಮೇಲೆ ಎಂಟು ಕಾರ್ಡಿನ ಪೆಟ್ಟಿಗೆ.
ಎಲ್ಲದರ ಮೇಲೂ ಅದೇ ಹಕ್ಕಿ, ಅದೇ ಕೊಂಬೆ.
ಎಂಟಕ್ಕೂ ಸೇರಿ ನಾಲ್ಕು ಡಾಲರು.
ವಚನಾಗೆ ಹನ್ನೊಂದು ವರ್ಷ. ಪೆನ್ನಿನ ಮುಚ್ಚಳ ಕಚ್ಚುತ್ತಾಳೆ.

ನಿನ್ನೆ ಆ ಬಾಗಿಲು ಮುಚ್ಚಿಕೊಂಡಾಗ ನಾನು ಹೊರಗೆ ಕೂತಿದ್ದೆ.
ಗೋಡೆ ತುಂಬ ಸತ್ತ ಹೆಡ್ಮಾಸ್ತರರ ಪಟ.
ನನ್ನ ಬೂಟಿನ ಹಿಮ ಕರಗಿ
ಅವರ ಜಮಖಾನೆಗೆ ಇಳಿಯುತ್ತಿತ್ತು.
ಇಪ್ಪತ್ತೈದು ನಿಮಿಷ.
ಒಮ್ಮೆ ಒಳಗಿಂದ ನಗು ಕೇಳಿತು,
ಎಂಥ ನಗು ಅಂತ ಬಾಗಿಲು ಹೇಳಲಿಲ್ಲ.
ಬರುವಾಗ ಬಸ್ಸಿನಲ್ಲಿ ಕೇಳಿದೆ, ಹೆಂಗಾತು?
ಆತು, ಅಂದಳು, ಕಿಟಕಿಗೆ.

ಬರೆಸುವುದು ನನಗೆ ಗೊತ್ತು.
ತಮ್ಮ ಅಮೂಲ್ಯ ಸಮಯಕ್ಕಾಗಿ, ಅಂತ ಶುರು ಮಾಡಿದರೆ
ಮುಂದಿನದು ತಾನೇ ಉರುಳುತ್ತದೆ, ರಜೆ ಅರ್ಜಿಯ ಹಾಗೆ.
ನಮ್ಮಲ್ಲಿ ಯಾರು ಯಾರಿಗೆ ಇದನ್ನು ಬರೆದು ಹೇಳಿದ್ದರು?
ದಾವಣಗೆರೆ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿಕೊಟ್ಟವನಿಗೆ
ಅವ್ವ ಅಂದದ್ದು ಇಷ್ಟೇ: ನಿನ್ನ ಹೊಟ್ಟಿ ತಣ್ಣಗಿರಲಿ.
ಅವನು ಆಗಲೇ ಜನರಲ್ಲಿ ಸೇರಿಹೋಗಿದ್ದ.
ಹೊಟ್ಟೆ ತಣ್ಣಗಿರುವುದನ್ನು ಇಂಗ್ಲಿಷಿನಲ್ಲಿ ಹೇಳಿದರೆ
ಡೋರೀನ್ ಮಾತ್ರೆ ಕೊಟ್ಟಾಳು.

ಮೊದಲ ಕಾರ್ಡು ನಾನು ಹೇಳಿದಂತೆ ಬರೆದಳು,
ಶಾಲೆ ಸುತ್ತಾಡಿಸಿದ ಹುಡುಗನಿಗೆ.
ಎರಡನೆಯದಕ್ಕೆ ಮೊಣಕೈ ಅಡ್ಡ ಬಂತು,
ಪರೀಕ್ಷೆಯಲ್ಲಿ ಕಾಪಿ ತಡೆಯುವವರ ಹಾಗೆ.
ನಾನು ಅನ್ನಕ್ಕೆ ಇಡಲು ಎದ್ದೆ.
ಲಕೋಟೆ ನೆಕ್ಕುವ ಮೊದಲು ಕಸಿದು ಓದಿದೆ, ತಾಯಿ ತಾನೆ.

    ಶ್ರೀಮತಿ ಹ್ಯಾಲೊರನ್ ಅವರಿಗೆ,
    ಔಷಧಿ ಡಬ್ಬಿಯೊಳಗಿನ ಚೀಟಿ ಓದುತ್ತೇನೆ ಎಂದಾಗ
    ನೀವು ನಾನು ನಕ್ಕ ಮೇಲೆ ನಕ್ಕಿರಿ,
    ಮೊದಲು ನಗಲಿಲ್ಲ. ಅದಕ್ಕೆ ಥ್ಯಾಂಕ್ಸ್.
    ಬಿಸ್ಕತ್ತಿಗೂ.
    ಅಪ್ಪನ ಬಗ್ಗೆ ಎರಡನೇ ಸಲ ಕೇಳದೆ ಇದ್ದದ್ದಕ್ಕೆ.
    ನಿಮ್ಮ ಕಿಟಕಿಯ ಗಿಡಕ್ಕೆ ನೀರು ಜಾಸ್ತಿಯಾಗಿದೆ.
    ಅಡ್ಡಪರಿಣಾಮ: ಎಲೆ ಹಳದಿ.
    ಇಂತಿ, ವಚನಾ

ಒಂದು ಸ್ಪೆಲಿಂಗ್ ತಪ್ಪಿತ್ತು.
ಅದನ್ನೇ ಹಿಡಿದುಕೊಂಡು ನಿಂತೆ,
ತಿರುವಿನಲ್ಲಿ ಬಸ್ಸಿನ ಕಂಬಿ ಹಿಡಿದ ಹಾಗೆ.
ಅರ್ಧ ಫೀಸು ಮಾಫಿಯಾಗದಿದ್ದರೆ ಈ ಶಾಲೆ ನಮಗಿಲ್ಲ,
ಗಿಡದ ಮಾತು ತೆಗಿ ಅನ್ನಬೇಕು, ಬಿಸ್ಕತ್ತೂ ತೆಗಿ.
ಅವೆರಡರ ನಡುವಿನ ಸಾಲಿಗೆ ಬಂದಾಗ ಕುಕ್ಕರು ಕೂಗಿತು.
ಎಷ್ಟನೇ ಕೂಗು, ಎಣಿಸಲಿಲ್ಲ.

ಸರಿ ಐತೇನವ್ವಾ?
ಅಂಟಿಸು, ಅಂದೆ.

ಅಂಚೆಪೆಟ್ಟಿಗೆ ಇಳಿಜಾರಿನ ಕೊನೆಗೆ, ಲಾಂಡ್ರಿಯ ಮುಂದೆ.
ಉಪ್ಪು ಚೆಲ್ಲಿದ ಫುಟ್‌ಪಾತಿನ ಮೇಲೆ ಕರಕರ ನಡೆದೆವು.
ರವಿವಾರ ಯಾರೂ ಒಯ್ಯುವುದಿಲ್ಲ.
ನಾಳೆ ಹನ್ನೊಂದಕ್ಕೆ, ಅಂತ ಚೀಟಿ ಅಂಟಿಸಿದ್ದಾರೆ.
ಡೋರೀನಳ ಲೆಕ್ಕದಲ್ಲಿ ನಾವು ತಡ.
ವಚನಾ ಪೆಟ್ಟಿಗೆಯ ಬಾಯಿ ಎಳೆದು ಹಾಕಿದಳು, ಬಿಟ್ಟಳು,
ಮತ್ತೆ ಎಳೆದು ಇಣುಕಿದಳು, ಬಿತ್ತೋ ಇಲ್ಲವೋ ಅಂತ.

ಇನ್ನೂ ಆರು ಉಳಿದವು, ಅಂದಳು.
ಒಂದು ನನಗೆ ಇಡು, ಅಂದೆ.
ಯಾರಿಗೆ? ಅಂದಳು.
ಹಿಮದ ದಿಬ್ಬ ದಾಟುವಾಗ ಕೈ ಚಾಚಿದಳು,
ಮತ್ತೆ ಕೇಳಲಿಲ್ಲ.