ಉಪ್ಪು ತಿಂದ ಮೇಲೆ

ಇಂಚಿಯಾನ್ ಬಂದರಿನ ಬೆನ್ನಿಗೆ
ಮುಸುರೆ ಲಾರಿಗಳು ಬರುವುದು ರಾತ್ರಿ ಎರಡಕ್ಕೆ.
ಅಲ್ಲಿ ಎಂಜಲಿಗೂ ತೂಕ, ತೂಕಕ್ಕೆ ಬಿಲ್ಲು;
ಕಾರ್ಡು ತೋರಿಸಿದರಷ್ಟೇ
ಬಾಯಿ ತೆರೆಯುತ್ತದೆ ಬೀದಿಯ ಡಬ್ಬಿ.

ಜರಡಿಯ ಬಳಿ ಮಾಲ್ಸುನ್, ಮೊಣಕೈವರೆಗೆ ರಬ್ಬರು.
ಐದನೆಯ ಹೆಣ್ಣು ಹುಟ್ಟಿದಾಗ 'ಇದೇ ಕೊನೆ' ಎಂದು ಇಟ್ಟ ಹೆಸರು,
ನಮ್ಮ ಕಡೆಯಾಗಿದ್ದರೆ ಸಾಕವ್ವ.
ಏಡಿಚಿಪ್ಪು, ಪೀಚಿನ ಗೊರಟೆ, ಸ್ಟೀಲ್ ಚಮಚ
ಆರಿಸಿ ಆಚೆಗಿಡುತ್ತಾಳೆ.
ಚಮಚ ತಿಂಗಳಿಗೆ ಹದಿನೈದಾದರೂ ಸಿಗುತ್ತವೆ.
ಯಾರೂ ಕೇಳಿಕೊಂಡು ಬಂದದ್ದಿಲ್ಲ.

ಉಳಿದದ್ದು ಗಂಜಿಯಾಗಿ ತೊಟ್ಟಿಗೆ ಇಳಿಯುತ್ತದೆ.
ಒಳಗೆ ಅರವತ್ತು ಡಿಗ್ರಿ, ಕತ್ತಲೆ,
ಗಾಳಿಯ ಸುಳಿವಿಲ್ಲ.
ಮೊದಲ ದಿನ ಕೆಸರನ್ನು ಕುದಿಸಿದ್ದರು,
ಹೈಡ್ರೋಜನ್ ಕದ್ದು ತಿನ್ನುವ ಕುಲವೆಲ್ಲ ಸಾಯಲೆಂದು.
ಚಿಪ್ಪಿನೊಳಗೆ ಮುದುಡಿ ಕೂತವು ಉಳಿದವು;
ಕುದಿ ತಗ್ಗಿದ ಮೇಲೆ ಮೈಮುರಿದೆದ್ದು
ಹಸಿವು ಎಂದವು.
ನಮಗೆ ಬೊಬ್ಬೆ ಏಳಿಸುವ ಬಿಸಿ
ಅವುಗಳಿಗೆ ತವರು.
ಅನ್ನ ತಿನ್ನುತ್ತವೆ, ಹುಳಿ ಉಗುಳುತ್ತವೆ, ತೇಗುತ್ತವೆ.
ಆ ತೇಗನ್ನು ತೊಳೆದು ಸೋಸಿದರೆ
ಬಣ್ಣವಿಲ್ಲ, ವಾಸನೆಯಿಲ್ಲ.
ಇಷ್ಟು ನಾತದ ಹೊಟ್ಟೆಯಿಂದ
ಎಂಥ ಮಡಿಯುಟ್ಟು ಬರುತ್ತದೆ ನೋಡಿ!

ನವೆಂಬರಿನ ಕೊನೆ. ಊರಿಗೆ ಊರೇ
ಹೊಸ ಕಿಮ್ಚಿ ಹಾಕುವ ವಾರ.
ಹಳೆಯ ಡಬ್ಬಿಗಳೆಲ್ಲ ಬರಿದಾಗಿ ಲಾರಿ ತುಂಬಿದವು.
ತೊಟ್ಟಿ ಮಾತು ಬಿಟ್ಟಿತು.
ಮೀಟರಿನ ಮುಳ್ಳು ಸೊನ್ನೆಗೆ ಒರಗಿ ಮಲಗಿತು.
ಎಂಜಿನಿಯರ್ ಟಾಕ್ ಸಿಹೂ
ಹುಳಿ ಅಳೆದ, ಬಿಸಿ ಅಳೆದ, ಪಂಪು ಬಿಚ್ಚಿ ಕಟ್ಟಿದ.
ಮೂರು ದಿನ ಗಡ್ಡ ಬಿಟ್ಟ.

ನಾಲ್ಕನೆಯ ರಾತ್ರಿ ಮಾಲ್ಸುನ್
ಕೈಗವಸು ಕಳಚಿ
ಒಂದು ಚಿಟಿಕೆ ಗಂಜಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.
ನಲವತ್ತು ವರ್ಷ ಎಲೆಕೋಸಿನ ಒಂದೊಂದು ಎಸಳಿಗೂ
ಉಪ್ಪು ಸವರಿದ ಬೆರಳು.
"ಉಪ್ಪು ಜಾಸ್ತಿಯಾಗಿದೆ," ಅಂದಳು.
"ನೀರು ಕೊಡು, ಪಾಪ."

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಅವಳ ಭಾಷೆಯಲ್ಲಿ ಈ ಗಾದೆ ಇದೆಯೋ ಇಲ್ಲವೋ,
ಸಿಹೂ ನಲ್ಲಿ ತಿರುಗಿಸಿದ.

ಎರಡು ದಿನ ಬಿಟ್ಟು ಒಂದು ಗುಳ್ಳೆ.
ಆಮೇಲೆ
ಎಣಿಸುವುದನ್ನು ಬಿಟ್ಟರು.

ಅವಳು ಮನೆಗೆ ಹೋಗುವ ಬಸ್ಸು ಓಡುವುದು ಅದೇ ತೇಗಿನಿಂದ.
"ನಿಮ್ಮ ಒಂದು ಪಾಳಿಗೆ ಹನ್ನೆರಡು ಸ್ಟಾಪು,"
ಸಿಹೂ ಲೆಕ್ಕ ಹಾಕಿ ಹೇಳಿದ್ದ.
ಅವಳ ಮನೆ ಹದಿನಾಲ್ಕನೆಯದು.
"ಉಳಿದೆರಡಕ್ಕೆ ಕಾಲಿದೆಯಲ್ಲ," ಅಂದಿದ್ದಳು.

ಇವತ್ತು ಬೆಳಗಾಗುವ ಮುಂಚೆ ಇಳಿದವಳು ಅಲ್ಲೇ ನಿಂತಳು.
ಬಸ್ಸಿನ ಹಿಂದೆ, ಕೊಳವೆಯ ತುದಿಯಲ್ಲಿ
ತೊಟ್ಟಿಕ್ಕುತ್ತಿತ್ತು ನೀರು,
ಹೊಗೆಯಿರಬೇಕಾದ ಜಾಗದಲ್ಲಿ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಬೆರಳೊಡ್ಡಿ, ನಾಲಿಗೆಗೆ ಮುಟ್ಟಿಸಿಕೊಂಡಳು.

ಸಪ್ಪೆ.