ಹನ್ನೆರಡು ಹೆಜ್ಜಿ

ಎಲೀಷನ ಎಡಗಾಲಿನ ಬಗ್ಗೆ ಕೇಳೂದಿದ್ರ
ನನ್ನ ಕೇಳ್ರಿ.
ಆರು ವರ್ಷ ಅದರ ಎದುರಿಗೆ ನಿಂತಾಂವ ನಾನು,
ರೈಲ್ವೆ ಮೈದಾನದಾಗ,
ಜಾಳಿಗಿ ಇಲ್ಲದ ಎರಡು ಕಂಬದ ನಡುವ.
ಬಾಲು ನನ್ನ ದಾಟಿತಂದ್ರ
ಗದಗ ರೋಡಿನ ತನಕ ನಾನಽ ಓಡಬೇಕು ತರಾಕ.
ಹಂಗಾಗಿ ಅಂವ ಒದಿಯೂಕಿಂತ ಮೊದಲ
ಅಂವನ ಸೊಂಟಾ ಓದೂದು ಕಲತೆ.
ಸಾಲ್ಯಾಗ ಏನೂ ಓದಲಿಲ್ಲ, ಅದೊಂದು ಓದಿದೆ.

ಐದಕ್ಕ ವರ್ಕಶಾಪಿನ ಭೋಂಗಾ.
ಅವರಪ್ಪ ಬೋಗಿ ರಿಪೇರಿ ಮುಗಿಸಿ ಬಂದು
ಗ್ರೀಸ ಹತ್ತಿದ ಡಬ್ಬಿ ಕಟ್ಟಿ ಮ್ಯಾಲಿಟ್ಟು ಕುಂಡರತಿದ್ದ.
ಚಪ್ಪಾಳಿ ಹೊಡಿಯೂ ಮನಿಷಾ ಅಲ್ಲ.
ಮಗ ಗೋಲು ಹೊಡದ್ರ ಒಂದು ಬೀಡಿ ಹಚ್ಚತಿದ್ದ.
ಒಂದು ಐತವಾರ ಏಳು ಬೀಡಿ ಸೇದಿ
ರಾತ್ರೆಲ್ಲಾ ಕೆಮ್ಮಿದ.

ಕಲ್ಕತ್ತಾದಿಂದ ಬಂದಿದ್ದ ಒಬ್ಬ ಬಿಳಿ ಪ್ಯಾಂಟಿನಾಂವ,
ಅರ್ಧಾ ಆಟ ನೋಡಿ, ಚಾಳಿಗೆ ಬಂದು,
ಹುಡುಗಾ ಏನು ತಿಂತಾನ ಅಂತ ಕೇಳಿದ.
“ರೊಟ್ಟಿ, ಮತ್ತ ಬೈಗಳಾ,” ಅಂದ್ಲು ಅವರವ್ವ.

ಮುಂದ ನಾವು ಅಂವನ್ನ ಕಂಡದ್ದೆಲ್ಲಾ
ಪರೇರಾ ಗಾರ್ಡರ ಮನಿ ಟಿವಿಯೊಳಗ.
ಬಂಗಾಲಿ ಕಾಮೆಂಟರಿಯೊಳಗ ಹೆಸರು
ಪೆಪ್ಪರಮಿಂಟ ಬಾಯಾಗಿಟಗೊಂಡು ಕರದಂಗ,
ಎಲಿಶೊ, ಎಲಿಶೊ.
ನಮ್ಮ ಎಲ್ಯಾ ಅಲ್ಲೇನೋ ಅನಸತಿತ್ತು.
ಕಾಲು ತೋರಿಸಿದ್ರ ಮಾತ್ರ, ಹೌದು.

ಚಾಳಿಗೆ ಫ್ರಿಜ್ಜು ಬಂತು.
ಅದರಾಗ ಇಡಾಕ ಏನೂ ಇರಲಿಲ್ಲ, ಅವರವ್ವ
ನೀರಿಟ್ಟು ಓಣಿಗೆಲ್ಲಾ ಹಂಚತಿದ್ಲು.
ಎಡಗಾಲಿನ ನೀರು ಅಂತಿದ್ವಿ,
ಕುಡದು ಹಲ್ಲು ಜುಮ್ಮ ಅನಿಸಿಕೊಂತಿದ್ವಿ.
ಮೊಣಕಾಲಿನ ಸುದ್ದಿ ಮಾತ್ರ ಮನಿಗೆ ಬರಲಿಲ್ಲ.
ಎಷ್ಟು ಸಲ ಸೂಜಿ ಚುಚ್ಚಿ ಆಡಿಸಿದ್ರೋ
ಯಾವ ಪೇಪರಿನ್ಯಾಗೂ ಆ ಲೆಕ್ಕ ಇಲ್ಲ.

ಆಮ್ಯಾಲೆ ಆ ಪೆನಲ್ಟಿ.
ಎಂಬತ್ತೆಂಟನೇ ಮಿನಿಟು. ಕೀಪರ್ ಆಗಲೇ ಬಲಕ್ಕ ಬಿದ್ದಾಗಿತ್ತು.
ಬಾಲು ಅಡ್ಡಕಂಬಿ ಹಾರಿ
ಹಲ್ಲುಪುಡಿ ಜಾಹೀರಾತಿಗೆ ಬಡೀತು,
ನಗಕೋತ ನಿಂತಿದ್ಲಲ್ಲ ಹಲಗ್ಯಾಗ ಒಬ್ಬಾಕಿ,
ಅಕಿ ಬಾಯಿಗೆ.
ರೊಕ್ಕಾ ತಿಂದಾನ ಅಂದ್ರು.
ಹೋಟೆಲಿನ ಖೋಲ್ಯಾಗ ಪಾಕೀಟು ಸಿಕ್ಕೈತಿ ಅಂದ್ರು.
ಮೊಣಕಾಲು ಕೈ ಕೊಟ್ಟಿತು, ಅಂದ ಅಂವ.
ವಿಚಾರಣೆ ನಡೀತು. ಎರಡು ವರ್ಷ ಬಂದ್.
ಎರಡು ವರ್ಷ ಆದಮ್ಯಾಲೆ ಯಾರು ಕರೀತಾರ?
ಅವರಪ್ಪ ಅವತ್ತ ಬೀಡಿ ಬಿಟ್ಟ.
ಡಾಕ್ಟರು ಹೇಳಿದ್ರ ಬಿಟ್ಟಿರಲಿಲ್ಲ.

ನಾನೂ ನೋಡಿದ್ದೆ, ಪರೇರಾರ ಮನ್ಯಾಗ ನೆಲಕ್ಕ ಕುಂತು.
ಬಾಲು ನೋಡಲಿಲ್ಲ, ಕಾಲು ನೋಡಲಿಲ್ಲ,
ರೂಢಿ ಅಲ್ಲ, ಸೊಂಟಾ ನೋಡಿದೆ.
ಏನು ಕಂಡಿತೋ ಇವತ್ತಿಗೂ ಯಾರಿಗೂ ಹೇಳಿಲ್ಲ.
ಟಾಯರಿನ ಅಂಗಡ್ಯಾಗ ಗಿರಾಕಿ ಕೇಳತಾರ,
“ಮೌಲಾಸಾಬ, ನೀ ಹೇಳಪಾ, ತಿಂದಿದ್ನೋ ಇಲ್ಲೋ?”
ನಾ ಟ್ಯೂಬು ನೀರಾಗ ಅದ್ದಿ
ಗುಳ್ಳಿ ಎಲ್ಲಿ ಏಳತೈತಿ ನೋಡಕೋತ ಕುಂಡರತೇನಿ.

ಈಗ ಅಂವ ಅದಽ ಮೈದಾನಕ್ಕ ಸುಣ್ಣಾ ಹಾಕತಾನ,
ದಿನಗೂಲಿ. ತಳಾ ತೂತು ಬಿದ್ದ ಡಬ್ಬಿ,
ಎಡಗಾಲು ಎಳಕೋತ.
ಗೆರಿ ನೆಟ್ಟಗ ಬರತಾವ. ಕುಡದಿದ್ರೂ ನೆಟ್ಟಗ.
ಹುಡುಗ್ರು ಸುಣ್ಣದ ಕಾಕಾ ಅಂತಾರ,
ಅದರಾಚೆ ಅವಕ್ಕ ಏನೂ ಗೊತ್ತಿಲ್ಲ.

ಮೊನ್ನೆ ನಸುಕಿನ್ಯಾಗ ಬಾಲಿಗೆ ಗಾಳಿ ತುಂಬಾಕ
ಪಂಪು ಒಯ್ದಿದ್ದೆ. ಅಂವ ಗೋಲಿನಿಂದ
ಹೆಜ್ಜಿ ಎಣಸಕೋತ ಬಂದ,
ಹನ್ನೆರಡಕ್ಕ ನಿಂತ,
ಹಿಂದ ಮುಂದ ನೋಡಿ
ಒಂದು ಹಿಡಿ ಸುಣ್ಣಾ
ಹನ್ನೊಂದರ ಮ್ಯಾಲೆ ಇಟ್ಟ.

ರೆಫರಿ ಅದನ್ನ ಯಾವತ್ತೂ ಅಳಿಯೂದಿಲ್ಲ.
ಸಂಜಿಗೆ ಹುಡುಗರ ಪಂದ್ಯ ಇತ್ತು,
ಯಾವದೋ ಒಂದು ಹುಡುಗ ಬಾಲು ಅಲ್ಲಿಟ್ಟು
ಉಸಿರು ಬಿಗಿ ಹಿಡೀತೈತಿ.

“ಏನಲೇ ಮೌಲ್ಯಾ,” ಅಂದ, ತಲಿ ಎತ್ತಲಾರದ,
“ಗೋಲಿನಾಗ ನಿಂತಾಂವಗ
ಇದು ಭಾಳ ಸನೇ ಆಗತೈತೇನು?”

“ಇಲ್ಲೋ,” ಅಂದೆ. “ಬರೋಬ್ಬರಿ ಐತಿ.”